ಹೆಗಲ ಮೇಲೆ ಹೊತ್ತೊಯ್ಯಬಹುದಾದ ಎಂಜಿನ್ನು

ದೋಣಿ ಕದಿಯುವುದು ಅಷ್ಟು ಸುಲಭವಲ್ಲ. ದೋಣಿಗೆ ಬಣ್ಣ ಇರುತ್ತದೆ, ಹೆಸರಿರುತ್ತದೆ, ಊರಿನ ಹತ್ತು ಜನಕ್ಕೆ ಅದರ ಗುರುತು ಇರುತ್ತದೆ. ಆದರೆ ಅದರ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಕತೆ ಬೇರೆ. ಸಣ್ಣ ಎಂಜಿನ್ನಾದರೆ ಎರಡು ತಿರುಪು ಸಡಿಲಿಸಿದರೆ ಸಾಕು, ಕೈಗೆ ಬರುತ್ತದೆ. ಗೋಣಿಯಲ್ಲಿ ಸುತ್ತಿ ಟೆಂಪೋಗೆ ಹಾಕಿದರೆ ಮುಗಿಯಿತು. ಬೆಳಗಾಗುವಷ್ಟರಲ್ಲಿ ಇನ್ನೊಂದು ಜಿಲ್ಲೆ, ಮತ್ತೆರಡು ದಿನಕ್ಕೆ ಇನ್ನೊಂದು ದೋಣಿ.

ಊರ ಕಡೆಯಿಂದ ಇಂಥ ಕಳವಿನ ಸುದ್ದಿ ಆಗಾಗ ಬರುತ್ತಿರುತ್ತದೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಮುಂಬೈನಲ್ಲಿ ಕೂತು ಓದುವ ನಮಗೆ ಅದು ಸಣ್ಣ ಸುದ್ದಿಯಂತೆ ಕಾಣಬಹುದು. ಆದರೆ ಈ ಯಂತ್ರದ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಒಂದು ತಮಾಷೆಯ, ಅಷ್ಟೇ ಕಹಿಯಾದ ಸತ್ಯ ಸಿಗುತ್ತದೆ. ಯಾವ ಗುಣದಿಂದ ಇದು ಬಡವರ ದೋಣಿಯನ್ನು ಏರಿತೋ, ಅದೇ ಗುಣ ಕಳ್ಳನಿಗೂ ಅನುಕೂಲವಾಯಿತು!

ಔಟ್‌ಬೋರ್ಡ್ ಮೋಟಾರಿನ ಹಿಂದೆಯೂ ಒಬ್ಬ ವಲಸೆಗಾರ ಇದ್ದಾನೆ. ಓಲೆ ಎವಿನ್‌ರೂಡ್ ಹುಟ್ಟಿದ್ದು 1877ರಲ್ಲಿ ನಾರ್ವೆಯಲ್ಲಿ. ಐದು ವರ್ಷದ ಮಗುವಾಗಿದ್ದಾಗ ಮನೆಯವರ ಜೊತೆ ಅಮೆರಿಕದ ವಿಸ್ಕಾನ್ಸಿನ್ ಸೇರಿದ. ಒಮ್ಮೆ ಸರೋವರದ ದಡದಲ್ಲಿ ಪಿಕ್ನಿಕ್ಕಿಗೆ ಹೋಗಿದ್ದಾಗ ಗೆಳತಿ ಬೆಸ್ ಐಸ್‌ಕ್ರೀಂ ಬೇಕೆಂದಳಂತೆ. ಇವನು ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಐಸ್‌ಕ್ರೀಂ ಕರಗಿ ನೀರಾಗಿತ್ತಂತೆ. ಎಷ್ಟು ನಿಜವೋ ಎಷ್ಟು ಜಾಹೀರಾತೋ, ಕತೆಯಂತೂ ಉಳಿದುಕೊಂಡಿದೆ. 1907ರ ಹೊತ್ತಿಗೆ ಮೊದಲ ಮಾದರಿ ತಯಾರಾಯಿತು, 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕೆ ಬಂತು. ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು ಅಂದರೆ ಸುಮಾರು 28 ಕಿಲೋ, ಬೆಲೆ 62 ಡಾಲರು. ಬೆಸ್ ಅಷ್ಟರಲ್ಲಿ ಅವನ ಹೆಂಡತಿಯಾಗಿದ್ದಳು, ಲೆಕ್ಕಪತ್ರ ಜಾಹೀರಾತು ಎಲ್ಲ ಅವಳದೇ. ಹಾಗೆಂದು ಎವಿನ್‌ರೂಡನೇ ಮೊದಲಿಗನಲ್ಲ. ಕ್ಯಾಮರಾನ್ ವಾಟರ್‌ಮನ್ ಎಂಬಾತ 1905ರಲ್ಲೇ ಡೆಟ್ರಾಯಿಟ್ ನದಿಯಲ್ಲಿ ತನ್ನ ಮೋಟಾರನ್ನು ಪರೀಕ್ಷಿಸಿದ್ದ. ಆದರೆ ಊರೂರಿಗೆ ತಲುಪಿದ್ದು ಎವಿನ್‌ರೂಡ್ ಎಂಜಿನ್ನೇ. 1921ರಲ್ಲಿ ಅವನು ಅಲ್ಯೂಮಿನಿಯಂ ಬಳಸಿ ಇನ್ನೂ ಹಗುರವಾದ 'ಎಲ್ಟೋ' ತಂದ. ಹಗುರ, ಇನ್ನೂ ಹಗುರ.. ಈ ಯಂತ್ರದ ಚರಿತ್ರೆಯೆಲ್ಲ ಇಷ್ಟೇ. ಅವನ ಹೆಸರಿನ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು.

ನಮ್ಮ ಕಡಲಿಗೆ ಇದು ಬಂದದ್ದು ಬಹಳ ತಡವಾಗಿ. ಯಂತ್ರ ಮೀನುಗಾರಿಕೆಯ ಮೊದಲ ದೊಡ್ಡ ಪ್ರಯೋಗಕ್ಕೂ ನಾರ್ವೆಯೇ ಕಾರಣ ಎಂಬುದು ವಿಚಿತ್ರ. 1952ರಲ್ಲಿ ಒಪ್ಪಂದವಾಗಿ, 1953ರಲ್ಲಿ ಕೇರಳದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ಇದ್ದ ದೋಣಿಗಳಿಗೇ ಎಂಜಿನ್ ಕೂರಿಸುವುದು ಮೊದಲ ಆಲೋಚನೆ. ಅದು ಸರಿಹೋಗದೆ ಹೊಸ ಯಾಂತ್ರಿಕ ದೋಣಿಗಳೇ ಬಂದವು, ಅವುಗಳ ಹಿಂದೆ ಟ್ರಾಲ್ ಬಲೆ ಬಂತು. ನಮ್ಮ ಕರಾವಳಿಯಲ್ಲಿ 1970ರ ದಶಕದ ನಡುವಿನಲ್ಲಿ ಪರ್ಸೀನ್ ಕಾಲಿಟ್ಟಿತು. ಅಲ್ಲಿಯವರೆಗೆ ಬಂಗಡೆ, ಬೂತಾಯಿಯನ್ನು ದಡಕ್ಕೆ ಎಳೆಯುತ್ತಿದ್ದದ್ದು ರಂಪಣಿ ಬಲೆ. ಊರಿಗೆ ಊರೇ ಸೇರಿ ಎಳೆಯುವ ಬಲೆ, ಊರಿಗೆ ಊರೇ ಹಂಚಿಕೊಳ್ಳುವ ಮೀನು. ಮೀನು ದಡಕ್ಕೆ ಬರುವ ಮುಂಚೆಯೇ ಪರ್ಸೀನ್ ದೋಣಿ ಆಳದಲ್ಲೇ ಸುತ್ತುಹಾಕಿ ಹಿಡಿಯತೊಡಗಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು.

ಮೀನು ದೂರ ಹೋಯಿತು, ಹುಟ್ಟು ಹಾಕಿ ಅಷ್ಟು ದೂರ ಹೋಗುವಂತಿಲ್ಲ. 1980ರ ದಶಕದಲ್ಲಿ ಮೊದಲು ಕೇರಳದಲ್ಲಿ, ಆಮೇಲೆ ನಮ್ಮಲ್ಲಿ ನಾಡದೋಣಿಗಳ ಬೆನ್ನಿಗೆ ಔಟ್‌ಬೋರ್ಡ್ ಎಂಜಿನ್ ಏರಿದ್ದು ಹೀಗೆ. ಹೆಚ್ಚಿನವು ಜಪಾನಿನವು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಾಯಿಸಿಕೊಂಡು ಓಡಿಸುವ ಎಂಜಿನ್ನುಗಳು. ಶೋಕಿಗಾಗಿ ಯಾರೂ ಕೊಂಡದ್ದಲ್ಲ, ಕೊಳ್ಳದಿದ್ದರೆ ಕಸುಬೇ ಇರಲಿಲ್ಲ. ಸೊಸೈಟಿಯ ಸಾಲ, ಹೆಂಗಸರ ಕಿವಿಯ ಚಿನ್ನ, ಜೊತೆಗೆ ಎಷ್ಟೋ ಮನೆಗಳಲ್ಲಿ ಮುಂಬೈಯಿಂದ ಹೋದ ಮನಿಯಾರ್ಡರೂ ಆ ಎಂಜಿನ್ನಿನಲ್ಲಿ ಸೇರಿದೆ. ಇಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡವರ ಊರಿನ ಮನೆಗಳನ್ನು ನೆನೆಸಿಕೊಳ್ಳಿ, ಗೊತ್ತಾಗುತ್ತದೆ.

ಈಗ ಕಳವಿನ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದರೆ ದೊಡ್ಡ ದೋಣಿಗಳೆಲ್ಲ ದಕ್ಕೆಯಲ್ಲಿ ಮಲಗಿರುವ ಆ ಎರಡು ತಿಂಗಳೇ ನಾಡದೋಣಿಯವನ ಸುಗ್ಗಿ. ತೂಫಾನು ಎದ್ದು ಕಡಲು ಒಮ್ಮೆ ಕಲಕಿದರೆ ಬಲೆ ತುಂಬ ಮೀನು ಎಂಬ ಆಸೆ. ಆಗ ಎಂಜಿನ್ ಹೋದರೆ ವರ್ಷದ ಗಳಿಕೆಯೇ ಹೋದಂತೆ. ಅದೂ ಒಬ್ಬನದಲ್ಲ, ಆ ದೋಣಿಯ ಪಾಲಿನ ಎಲ್ಲರದು.

ಇದಕ್ಕೆ ಮೀನುಗಾರರು ಕಂಡುಕೊಂಡ ಹಳೆಯ ಉಪಾಯ, ಎಂಜಿನ್ನನ್ನು ದಿನಾ ಬಿಚ್ಚಿ ಮನೆಗೆ ಒಯ್ಯುವುದು. ನಲವತ್ತು ಕಿಲೋ ಆಸುಪಾಸಿನ ಭಾರ, ರಾತ್ರಿಯೆಲ್ಲ ದುಡಿದ ಮೈ. ಆದರೂ ಹೊರುತ್ತಾರೆ. ಎರಡನೆಯದು ಸರಪಳಿ, ಬೀಗ, ಮರದ ಹಲಗೆಯನ್ನೇ ತೂತುಮಾಡಿ ಹಾಕುವ ಬೋಲ್ಟು. ಮೂರನೆಯದು ಕಾವಲು. ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಸ್ವೀಡನ್ನಿನಂಥ ಶ್ರೀಮಂತ ದೇಶದಲ್ಲೂ ಔಟ್‌ಬೋರ್ಡ್ ಕಳವು ದೊಡ್ಡ ತಲೆನೋವು. ಅಲ್ಲಿನ ದೋಣಿ ಕ್ಲಬ್ಬುಗಳಲ್ಲಿ ಸದಸ್ಯರೇ ಪಾಳಿ ಹಾಕಿಕೊಂಡು ರಾತ್ರಿ ಗಸ್ತು ತಿರುಗುತ್ತಾರೆ. ಬೀಗಕ್ಕಿಂತ ಎಚ್ಚರದ ಕಣ್ಣೇ ಮೇಲು ಎಂಬುದು ಅವರಿಗೂ ಗೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತ್ರ ಎಂಜಿನ್ ನಂಬರು. ಅದರ ಬೆಲೆ ಏನೆಂದು ನಮ್ಮ ಮುಂಬೈಗೆ ಹೇಳಿಕೊಡಬೇಕಾಗಿಲ್ಲ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಭಯೋತ್ಪಾದಕರು ಬಧ್ವಾರ್ ಪಾರ್ಕಿನ ಮೀನುಗಾರರ ಕಾಲೊನಿಯ ಬಳಿ ಇಳಿದದ್ದು ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ. ಅದಕ್ಕಿದ್ದದ್ದು ಯಮಹಾ ಔಟ್‌ಬೋರ್ಡ್. ಆ ಎಂಜಿನ್ನಿನ ನಂಬರಿನ ಜಾಡು ಹಿಡಿದು ಹೋದಾಗ ಅದು ಜಪಾನಿನಿಂದ ಪಾಕಿಸ್ತಾನಕ್ಕೆ ಹೋದ ಮಾಲು ಎಂದು ತಿಳಿಯಿತು. 2009ರ ಫೆಬ್ರುವರಿಯಲ್ಲಿ ಪಾಕಿಸ್ತಾನವೇ ಅದನ್ನು ಕರಾಚಿಯಲ್ಲಿ ಕೊಳ್ಳಲಾಗಿತ್ತೆಂದು ಒಪ್ಪಿತು. ಸಾವಿರಾರು ಮೈಲಿ ದೂರದ ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳು ಮಾತಾಡಿದ ಬಗೆ ಇದು. ಆಮೇಲೆಯೇ ದೇಶದ ಎಲ್ಲ ಮೀನುಗಾರಿಕಾ ದೋಣಿಗಳಿಗೆ ಏಕರೂಪದ ನೋಂದಣಿ, ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡು ಬಂದವು.

ಕಳವಾದರೆ ಮೊದಲ ಕೆಲಸ ದೂರು. 2024ರ ಜುಲೈ 1ರಿಂದ ಹಳೆಯ 379ರ ಬದಲು ಭಾರತೀಯ ನ್ಯಾಯ ಸಂಹಿತೆಯ 303(2) ಬಂದಿದೆ, ಶಿಕ್ಷೆ ಮೂರು ವರ್ಷದವರೆಗೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ 317(2), ಅಲ್ಲೂ ಮೂರು ವರ್ಷದವರೆಗೆ. ಕಳವು ಯಾವ ಠಾಣೆಯ ಹದ್ದಿನಲ್ಲಿ ನಡೆದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಅಳಿವೆಯ ಈ ದಡ ಒಂದು ಠಾಣೆ, ಆ ದಡ ಇನ್ನೊಂದು ಎನ್ನುವ ಕಡೆ ಇದು ದೊಡ್ಡ ಅನುಕೂಲ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಎಂಜಿನ್ ಸಿಕ್ಕಿತು ಅನ್ನಿ, ಆಗಲೂ ಕಷ್ಟ ಮುಗಿಯುವುದಿಲ್ಲ. ಇಲ್ಲಿನ ಪೊಲೀಸರ ಭಾಷೆಯಲ್ಲಿ ಅದೀಗ 'ಮುದ್ದೇಮಾಲ್'. ಕೇಸು ಮುಗಿಯುವವರೆಗೆ ಠಾಣೆಯ ಮೂಲೆಯಲ್ಲಿ ಬಿದ್ದಿದ್ದರೆ ಉಪ್ಪುನೀರು ಕುಡಿದ ಎಂಜಿನ್ ತುಕ್ಕು ಹಿಡಿದು ಗುಜರಿಯಾಗುತ್ತದೆ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು, ವಶಪಡಿಸಿಕೊಂಡ ವಸ್ತುಗಳನ್ನು ಹೀಗೆ ಕೊಳೆಸಬಾರದು, ಫೋಟೊ ಪಂಚನಾಮೆ ಮಾಡಿ ಬಾಂಡ್ ಬರೆಸಿಕೊಂಡು ಮಾಲೀಕನಿಗೆ ಕೊಡಿ ಎಂದು ಹೇಳಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಇದಕ್ಕೆ ದಿನಗಳ ಲೆಕ್ಕವನ್ನೇ ಹಾಕಿದೆ. ವಸ್ತು ಕೋರ್ಟಿನ ಮುಂದೆ ಬಂದ ಹದಿನಾಲ್ಕು ದಿನದಲ್ಲಿ ಅದರ ವಿವರಪಟ್ಟಿ, ಅಲ್ಲಿಂದ ಮೂವತ್ತು ದಿನದಲ್ಲಿ ವಿಲೇವಾರಿ ಆದೇಶ. ಆದರೆ ಇದು ತನ್ನದೇ ಎಂದು ತೋರಿಸಲು ಬಿಲ್ಲು ಬೇಕು, ನಂಬರು ಬೇಕು. ಸೆಕೆಂಡ್‌ಹ್ಯಾಂಡಿನಲ್ಲಿ ಬಾಯಿಮಾತಿನ ಮೇಲೆ ಕೊಂಡವರು ಸೋಲುವುದು ಇಲ್ಲೇ.

ಆದ್ದರಿಂದ ಒಂದು ಸಣ್ಣ ಮಾತು. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಎಂಜಿನ್ ಇದ್ದರೆ, ದೋಣಿಗೆ ಕಚ್ಚುವ ಅದರ ಪಟ್ಟಿಯ ಮೇಲಿನ ನಂಬರಿನ ಫೋಟೊ ತೆಗೆದುಕೊಳ್ಳಿ. ಕೆಲವು ಎಂಜಿನ್ನುಗಳಲ್ಲಿ ಬ್ಲಾಕಿನ ಮೇಲೂ ಅದೇ ನಂಬರು ಒತ್ತಿರುತ್ತಾರೆ, ಅದನ್ನೂ ತೆಗೆಯಿರಿ. ಬಿಲ್ಲಿನದೂ ಒಂದು ಇರಲಿ. ಊರಲ್ಲಿ ಕಾಗದ ಮಳೆಗೆ ನೆಂದೀತು, ಗೆದ್ದಲು ತಿಂದೀತು. ನಿಮ್ಮ ಫೋನಿನಲ್ಲಿದ್ದರೆ ಉಳಿಯುತ್ತದೆ. ಮನಿಯಾರ್ಡರಿನ ಕಾಲ ಮುಗಿದಿದೆ, ಊರಿಗೆ ನಾವು ಮಾಡಬಹುದಾದ ಇಂಥ ಕೆಲಸಗಳು ಮುಗಿದಿಲ್ಲ.