ಒಂದೇ ನಲ್ಲಿಯ ನೆರೆಹೊರೆ: ಸಾಂಕ್ರಾಮಿಕ ಕಾಲದಲ್ಲಿ ಮುಂಬಯಿಯ ಚಾಳುಗಳು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿದೆ. ಮುಂಬಯಿಯ ಚಾಳುಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಉದ್ದನೆಯ ಪಡಸಾಲೆ, ಅದರ ಬದಿಗೆ ಒಂದೊಂದೇ ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ನಲ್ಲಿ ಮತ್ತು ಶೌಚಾಲಯ. ಬಟ್ಟೆ ಗಿರಣಿಗಳ ಕೆಲಸಕ್ಕೆ ಕೊಂಕಣ ಮತ್ತು ದಖ್ಖನ್ ಸೀಮೆಗಳಿಂದ ಬಂದ ಕಾರ್ಮಿಕರು ಇಂತಹ ಕೋಣೆಗಳಲ್ಲಿ ಹಲವರು ಕೂಡಿ ಬಾಳಿದರು. ರೋಗ ಬಂದಾಗ ಅವರಿಗೆ ಆಸರೆಯಾದವರು ಪಕ್ಕದ ಕೋಣೆಯವರೇ.

1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಲಕ್ಷಾಂತರ ಜನರು ನಗರ ಬಿಟ್ಟು ಹೋದರು. 1897ರಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ಶೋಧನಾ ತಂಡಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಸಾಗಿಸಿದವು. ಹೋದವರು ಮರಳುವುದಿಲ್ಲವೆಂಬ ಭಯದಿಂದ ಜನರು ರೋಗಿಗಳನ್ನು ಬಚ್ಚಿಟ್ಟರು. 1898ರ ಮಾರ್ಚ್‌ನಲ್ಲಿ ಮುಸ್ಲಿಂ ನೇಕಾರರ ಬಡಾವಣೆಯೊಂದರಲ್ಲಿ ಬಾಲಕಿಯೊಬ್ಬಳನ್ನು ಒಯ್ಯಲು ಬಂದ ತಂಡವನ್ನು ನೆರೆಯವರು ತಡೆದರು. ಗಲಭೆಯಾಗಿ ಗೋಲಿಬಾರ್ ನಡೆಯಿತು.

ಇದೂ ಪರಸ್ಪರ ಸಹಾಯವೇ. ಆದರೆ ಬಚ್ಚಿಟ್ಟ ರೋಗಿಗೆ ಆರೈಕೆ ದೊರೆಯಲಿಲ್ಲ. ಪ್ಲೇಗ್ ಹರಡುವ ಇಲಿ ಚಿಗಟಗಳಿದ್ದ ಮನೆಯನ್ನು ಉಳಿದವರು ಬಿಡಲೂ ಇಲ್ಲ. ಹಾಗಾದರೆ ತಪ್ಪು ಯಾರದು? ನಂಬಿಕೆ ಗಳಿಸದೆ ಬಲ ಪ್ರಯೋಗಿಸಿದ ಆಡಳಿತದ್ದೆಂದೇ ಹೇಳಬೇಕು. ಹಿಂದೂ, ಮುಸ್ಲಿಂ, ಪಾರ್ಸಿ ಸಮುದಾಯಗಳು ತಮ್ಮವರಿಗಾಗಿ ಪ್ಲೇಗ್ ಆಸ್ಪತ್ರೆಗಳನ್ನು ತೆರೆದಾಗ, ಪರಿಚಿತರ ಕೈಯ ಊಟ ಮತ್ತು ಆರೈಕೆ ಸಿಗುವುದೆಂಬ ಧೈರ್ಯ ಜನರಿಗೆ ಬಂತು.

1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಹಾಯುದ್ಧದ ಕಾರಣ ವೈದ್ಯರ ಕೊರತೆಯಿತ್ತು. ಆಗ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್‌ನಂತಹ ಸಂಸ್ಥೆಗಳ ಸ್ವಯಂಸೇವಕರು ಬಡವರ ಬಡಾವಣೆಗಳಿಗೆ ಔಷಧ ತಲುಪಿಸಿದರು.

ಈ ಪಾಠ 2020ರಲ್ಲಿ ಮತ್ತೆ ಕಂಡಿತು. ಏಪ್ರಿಲ್ 1ರಂದು ಧಾರಾವಿಯಲ್ಲಿ ಕೋವಿಡ್‌ನ ಮೊದಲ ಪ್ರಕರಣ ಪತ್ತೆಯಾಯಿತು. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಲಕ್ಷಾಂತರ ಜನರು. ಬಹುತೇಕರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಇಲ್ಲಿ ಪಾಲಿಕೆಯ ಸಿಬ್ಬಂದಿಯೊಂದಿಗೆ ಅದೇ ಬಡಾವಣೆಯ ಖಾಸಗಿ ವೈದ್ಯರೂ ಮನೆ ಮನೆಗೆ ಹೋಗಿ ಜ್ವರ ತಪಾಸಣೆ ಮಾಡಿದರು. ಶಾಲೆಗಳು, ಸಭಾಭವನಗಳು ಪ್ರತ್ಯೇಕವಾಸದ ಕೇಂದ್ರಗಳಾದವು. ಸ್ವಯಂಸೇವಕರು ಊಟ ಹಂಚಿದರು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯನ್ನು ಮಾದರಿಯಾಗಿ ಹೆಸರಿಸಿದರು.

ವಿದ್ಯಾರ್ಥಿ ಮಿತ್ರರೇ, 1898ರಲ್ಲಿ ಬಾಗಿಲು ಮುಚ್ಚಿದ ಜನರೂ 2020ರಲ್ಲಿ ಬಾಗಿಲು ತೆರೆದ ಜನರೂ ಬೇರೆ ಬಗೆಯವರಲ್ಲ. ಬಾಗಿಲು ತಟ್ಟಿದ ಕೈ ಬೇರೆಯಾಗಿತ್ತು, ಅಷ್ಟೆ. ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಅಧಿಕಾರಿಗಳಾಗುವಿರಿ. ಒಬ್ಬರ ಬಾಗಿಲು ತಟ್ಟುವ ಮೊದಲು ಅವರ ನೆರೆಯವರ ಪರಿಚಯ ಮಾಡಿಕೊಳ್ಳಿ. ಕಷ್ಟಕಾಲದಲ್ಲಿ ಕಾಯ್ದೆಗಿಂತ ಮೊದಲು ತಲುಪುವುದು ಆ ಪರಿಚಯ.