ಪದ ಪರಿಚಯ: ಚೀನಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಡುಗೆಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುವ ನುಣುಪಾದ ಭರಣಿ 'ಚೀನಿಮಣ್ಣಿನದು'. ಮರಾಠಿಯಲ್ಲೂ ಆ ಮಣ್ಣು 'ಚಿನೀ ಮಾತಿ'. ಚೀನಿ ಎಂದರೆ ಚೀನಾ ದೇಶದ್ದು. ಪಾರಸಿಯ ಮೂಲಕ ಬಂದ ರೂಪ. ಮಲೆನಾಡಿನಲ್ಲಿ ಸಿಹಿಗುಂಬಳವೂ ಚೀನಿಕಾಯಿಯೇ.

ಇದೇ ಪದ ತುರ್ಕಿಗೆ ಹೋಗಿ, ಗೋಡೆಗೆ ಹಚ್ಚುವ ಬಣ್ಣದ ಬಿಲ್ಲೆಯ ಹೆಸರಾಯಿತು. 16ನೇ ಶತಮಾನದ ಇಜ್ನಿಕ್ ಊರಿನ ಚೀನಿ ಹೆಸರುವಾಸಿ. ಬೆಣಚುಕಲ್ಲಿನ ಪುಡಿ ಹೆಚ್ಚಿರುವ ಬಿಲ್ಲೆಗೆ ಬಿಳಿ ಲೇಪ ಕೊಟ್ಟು, ಸೂಜಿಯಿಂದ ಚುಚ್ಚಿದ ಕಾಗದದ ಮೇಲೆ ಇದ್ದಿಲಪುಡಿ ತಟ್ಟಿ ಚಿತ್ತಾರ ಇಳಿಸುತ್ತಾರೆ. ಕುಂಚದಿಂದ ಬಣ್ಣ ತುಂಬುತ್ತಾರೆ: ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರುನೀಲಿ. ಮೇಲೆ ಗಾಜಿನ ಲೇಪ ಬಳಿದು ಸುಡುತ್ತಾರೆ.

ಪಾರಸಿಯಲ್ಲಿ ಇಂಥ ಬಿಲ್ಲೆಗೆ 'ಕಾಶಿ' ಎಂಬ ಹೆಸರು. ಅದು ಇರಾನಿನ ಕಾಶಾನ್ ಊರಿನಿಂದ ಬಂದದ್ದು, ನಮ್ಮ ಕಾಶಿಗೆ ನಂಟಿಲ್ಲ. ಕರ್ನಾಟಕದಲ್ಲಿ ಈ ಕಲೆ ನೋಡಲು ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ (1472) ಹೋಗಬೇಕು. ಉಳಿದಿರುವ ಮಿನಾರಿನ ಮೈಮೇಲೆ ಅಂಕುಡೊಂಕು ಪಟ್ಟೆಯ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ.

ಬಳಕೆ: ಚೀನಿಮಣ್ಣು, ಚೀನಿಭರಣಿ, ಚೀನಿಕಾಯಿ.