ಕಹಳೆಯ ಅಳತೆಯೂ ಶ್ರುತಿಯೂ

ಕುಂದಾಪುರದ ಸೀಮೆಯೂ ಸೇರಿ ನಮ್ಮ ಕರಾವಳಿಯ ರಥೋತ್ಸವಗಳಲ್ಲಿಯೂ ಕಂಬಳಗಳಲ್ಲಿಯೂ ಊದುವ ಬಾಗಿದ ಲೋಹವಾದ್ಯವನ್ನು ಜನರು ಕೊಂಬೆಂದೇ ಕರೆಯುವರು. ಪಶುವಿನ ಶೃಂಗದ ಆಕಾರವು ಲೋಹಕ್ಕೆ ಬಂದುದಕ್ಕೆ ಆ ಹೆಸರೇ ಸಾಕ್ಷಿಯಾಗಿದೆ. ಇದರ ಬಳಗದ ಇನ್ನೊಂದು ಹೆಸರಾದ ಕಹಳೆಯು ಸಂಸ್ಕೃತದ ಕಾಹಲೆಯಿಂದ ಬಂದುದು. ನಮ್ಮ ಕಾವ್ಯಗಳಲ್ಲಿ ಹೆಗ್ಗಹಳೆ, ಚಿನ್ನಗಹಳೆ ಎಂಬ ಪದಗಳು ಬಂದಾಗ ‘ಒಂದು ವಾದ್ಯವಿಶೇಷ’ ಎಂದು ಬರೆದು ಮುಂದೆ ಸಾಗುವುದು ವಾಡಿಕೆ. ಇಷ್ಟರಿಂದ ಅರ್ಥವು ಪೂರ್ತಿಯಾಗದು. ಈ ಜಾತಿಯ ವಾದ್ಯಗಳಲ್ಲಿ ಅಳತೆಯೇ ಶ್ರುತಿಯನ್ನು ನಿರ್ಣಯಿಸುವುದಷ್ಟೆ.

ಅಳತೆಗಳು ಶಾಸ್ತ್ರದಲ್ಲಿಯೇ ಉಂಟು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ, ಕಾಹಲೆಯು ತಾಮ್ರದಿಂದಾಗಲಿ ಬೆಳ್ಳಿಯಿಂದಾಗಲಿ ಚಿನ್ನದಿಂದಾಗಲಿ ಆದುದೆಂದೂ, ಉಮ್ಮತ್ತದ ಹೂವಿನಂತೆ ಬಾಯುಳ್ಳದ್ದೆಂದೂ, ಮೂರು ಹಸ್ತ ಉದ್ದವೆಂದೂ ಹೇಳಿರುವನು. ಎರಡು ಹಸ್ತದ್ದು ತುಂಡಕಿನಿ; ನಾಲ್ಕು ಹಸ್ತದ್ದು ಚುಕ್ಕಾ.

ತುಟಿಗಳ ಅದುರಾಟದಿಂದ ಏಳುವ ನಾದವು ನಳಿಗೆಯೊಳಗಿನ ಗಾಳಿಗೆ ಅಧೀನವಾದುದು. ಆಕಾರವು ಒಂದೇ ತೆರನಾಗಿದ್ದರೆ ಉದ್ದವು ಇಮ್ಮಡಿಯಾದಾಗ ಕಂಪನಸಂಖ್ಯೆಯು ಅರ್ಧವಾಗುವುದು. ಆದುದರಿಂದ ಚುಕ್ಕಾದ ಮೂಲನಾದವನ್ನು ಷಡ್ಜವೆಂದು ಹಿಡಿದರೆ ಕಾಹಲೆಯದು ಶುದ್ಧಮಧ್ಯಮ, ತುಂಡಕಿನಿಯದು ತಾರಷಡ್ಜ. ಶಾರ್ಙ್ಗದೇವನು ಈ ಸ್ವರಸಂಬಂಧವನ್ನು ಉದ್ದೇಶಿಸಿಯೇ ಹಸ್ತಗಳನ್ನು ಎಣಿಸಿದನೆಂದು ನಾನು ವಾದಿಸಲಾರೆನು. 2, 3, 4 ಎಂಬ ಸಂಖ್ಯೆಗಳನ್ನಿಟ್ಟರೆ ಅದು ತಾನಾಗಿಯೇ ಒದಗುವುದು. ಹಸ್ತವನ್ನು ಒಂದೂವರೆ ಅಡಿಯೆಂದೆಣಿಸಿದರೆ ಕಾಹಲೆಯು ಸುಮಾರು 137 ಸೆಂಟಿಮೀಟರು. ಬ್ಯಾಂಡಿನವರ ಸಾಮಾನ್ಯ ಟ್ರಂಪೆಟ್ಟಿನ ಸುರುಳಿಯನ್ನು ಬಿಚ್ಚಿ ನೀಳಮಾಡಿದರೆ ಸುಮಾರು 148! ದೂರದ ಎರಡು ಪರಂಪರೆಗಳು ಇಷ್ಟು ಸಮೀಪಕ್ಕೆ ಬಂದುದು ಮನುಷ್ಯನ ಉಸಿರಿನ ಮತ್ತು ತುಟಿಯ ಮಿತಿಯಿಂದಲೇ ಇರಬೇಕು.

ಈಗ ನಮ್ಮ ಪದಗಳಿಗೆ ಬರೋಣ. ಚಿನ್ನಗಹಳೆಯನ್ನು ಹೊನ್ನಿನದೆಂದು ಅರ್ಥಮಾಡಲು ಶಾರ್ಙ್ಗದೇವನ ಆಧಾರವುಂಟು. ಆದರೆ ಲೋಹವು ಬದಲಾದ ಮಾತ್ರಕ್ಕೆ ಶ್ರುತಿಯು ಬದಲಾಗದು, ಅದು ವೈಭವದ ಮಾತು. ಹೆಗ್ಗಹಳೆಯು ಹಾಗಲ್ಲ. ಅದರ ಹಿರಿಮೆಯು ಉದ್ದದ್ದಾದರೆ ಮೂಲನಾದವು ತಗ್ಗಲೇಬೇಕು. ‘ದೊಡ್ಡ ಸದ್ದಿನ ಕಹಳೆ’ ಎಂಬ ಅರ್ಥವು ಆಗ ಸಾಲದು. ಅಬ್ಬರವು ಊದುವವನ ಬಲಕ್ಕೂ ಬಾಯ ಅರಳುವಿಕೆಗೂ ಸೇರಿದುದು. ಬಲ್ಲವನು ತುಟಿಯನ್ನು ಬಿಗಿದು ಅದೇ ನಳಿಗೆಯಿಂದ ಮೇಲಿನ ಸ್ವರಗಳನ್ನೂ ತೆಗೆಯಬಲ್ಲನೆಂಬುದನ್ನು ಮರೆಯಬಾರದು.

ಬಾಗುವಿಕೆಯಿಂದ ಶ್ರುತಿಗೆ ಗಣನೀಯವಾದ ವ್ಯತ್ಯಾಸವಿಲ್ಲ. ಆದುದರಿಂದ ಕುಂದಾಪುರದ ಕಡೆಯ ಕೊಂಬುಗಳನ್ನು ಕಾಹಲೆಯೊಡನೆ ಹೋಲಿಸಬಯಸುವವರು ತುದಿಯಿಂದ ತುದಿಗೆ ನೇರವಾಗಿ ಕೋಲು ಹಿಡಿಯದೆ, ಬಾಗಿನ ನಡುಗೆರೆಯನ್ನೇ ಅನುಸರಿಸಿ ನೂಲಿನಿಂದ ಅಳೆಯತಕ್ಕದ್ದು.